ಮುರುಗಲು, ಪುನರ್ಪುಳಿ, ಉಪ್ಪಾಗೆ: ನಮ್ಮ ಹುಳಿಯೊಂದರ ಚರಿತ್ರೆ

ಮಾಜಿವಾಡಾ ನಾಕಾದ ಆಸುಪಾಸಿನಲ್ಲಿ ವಾಸಿಸುವ ನಮಗೆ ಎರಡು ಬಗೆಯ ಅಂಗಡಿಗಳು ದಿನನಿತ್ಯ ಕಣ್ಣಿಗೆ ಬೀಳುತ್ತವೆ. ಒಂದು ಕಿರಾಣಿ ಅಂಗಡಿ. ಹುಣಸೆಹಣ್ಣು, ಒಣಮೆಣಸು, ಕೊಬ್ಬರಿಗಳ ಸಾಲಿನಲ್ಲಿ ಅಲ್ಲಿ ಕಪ್ಪುಗೆಂಪು ಬಣ್ಣದ, ಮೆತ್ತಗಿನ ಒಣಸಿಪ್ಪೆಯ ಪೊಟ್ಟಣವೂ ಇರುತ್ತದೆ. ನಮ್ಮ ಮರಾಠಿ ನೆರೆಯವರು ಅದನ್ನು ಅಮಸೂಲ ಎನ್ನುತ್ತಾರೆ, ಕೋಕಂ ಎಂದೂ ಕರೆಯುತ್ತಾರೆ. ಇನ್ನೊಂದು ಔಷಧಿ ಅಂಗಡಿ. ಅದರ ಗಾಜಿನ ಕಪಾಟಿನಲ್ಲಿ ‘ಗಾರ್ಸಿನಿಯಾ’ ಎಂಬ ಹೆಸರು ಹೊತ್ತ ಡಬ್ಬಿಗಳು ಕಾಣಸಿಗುತ್ತವೆ. ಮೈಯ ಬೊಜ್ಜನ್ನು ಕರಗಿಸುತ್ತೇವೆಂಬುದು ಅವುಗಳ ಭರವಸೆ. ಪೊಟ್ಟಣಕ್ಕೂ ಡಬ್ಬಿಗೂ ಬೆಲೆಯಲ್ಲಿ ಬಹಳ ಅಂತರವಿದೆ. ಆದರೆ ಕುಲದಲ್ಲಿ ಅವು ಅಕ್ಕತಂಗಿಯರು. ಎರಡರ ಹುಳಿಯೂ ಒಂದೇ.

ಆ ಹುಳಿ ಯಾವುದು ಎಂಬುದನ್ನು ಮೊಟ್ಟಮೊದಲು ಸರಿಯಾಗಿ ಗುರುತಿಸಿದ್ದು ಮೈಸೂರಿನ ಒಂದು ಪ್ರಯೋಗಾಲಯ. ಈ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಕನ್ನಡ ನಾಡಿನ ಅಡುಗೆಮನೆಯಿಂದ ಹೊರಟು, ಕನ್ನಡ ನಾಡಿನ ಪ್ರಯೋಗಾಲಯವನ್ನು ಹಾದು, ಅಮೆರಿಕವನ್ನು ಸುತ್ತಿ, ಕಡೆಗೆ ಮಾತ್ರೆಯ ರೂಪದಲ್ಲಿ ನಮ್ಮ ನಾಕಾಕ್ಕೆ ಮರಳಿ ಬಂದ ಈ ಹುಳಿಯ ಚರಿತ್ರೆಯನ್ನು ಹೇಳುವುದು ಇಲ್ಲಿ ನಮ್ಮ ಉದ್ದೇಶ. ಇದರಲ್ಲಿ ಹೆಮ್ಮೆಪಡಬೇಕಾದ ಮಾತಿದೆ, ಎಚ್ಚರಪಡಬೇಕಾದ ಮಾತೂ ಇದೆ. ಹೆಮ್ಮೆಯ ಭರದಲ್ಲಿ ಎಚ್ಚರ ತಪ್ಪಬಾರದೆಂದೇ ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೇವೆ.

ಎರಡು ಮರ, ಹಲವು ಹೆಸರು

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ಪಶ್ಚಿಮ ಘಟ್ಟದ ಮಗ್ಗುಲಲ್ಲಿ, ಕೊಂಕಣದಿಂದ ಕೇರಳದವರೆಗೆ, ಈ ಕುಲದ ಎರಡು ಮರಗಳು ನಮ್ಮ ಜನರ ಊಟದಲ್ಲಿ ಸೇರಿಹೋಗಿವೆ. ಮೊದಲನೆಯದು ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯಾ ಇಂಡಿಕಾ. ಉತ್ತರ ಕನ್ನಡದವರು ಇದನ್ನು ಮುರುಗಲು ಎನ್ನುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರಿಗೆ ಇದು ಪುನರ್ಪುಳಿ. ಮರಾಠಿ ಕೊಂಕಣದಲ್ಲಿ ಹಸಿಹಣ್ಣಿಗೆ ರಾತಾಂಬಾ ಎಂದೂ ಭಿರಂಡ ಎಂದೂ ಹೆಸರುಂಟು. ಇದರ ಹಣ್ಣು ಬೇಸಿಗೆಯ ಕೊನೆಗೆ, ಏಪ್ರಿಲ್-ಮೇ ತಿಂಗಳಲ್ಲಿ ಮಾಗಿ ಕಡುಗೆಂಪಾಗುತ್ತದೆ. ಉತ್ತರ ಕನ್ನಡದ ಕೆಲವು ಕಡೆ ಬಿಳಿ ಮುರುಗಲೂ ಇದೆ. ಅದರಲ್ಲಿ ಹುಳಿಯಿದ್ದರೂ ಈ ಕೆಂಪಿಲ್ಲ.

ಎರಡನೆಯದು ಗಾರ್ಸಿನಿಯಾ ಗಮ್ಮಿ-ಗಟ್ಟ. ಹಿಂದಿನ ಪುಸ್ತಕಗಳಲ್ಲಿ ಇದಕ್ಕೆ ಗಾರ್ಸಿನಿಯಾ ಕ್ಯಾಂಬೋಜಿಯಾ ಎಂಬ ಹೆಸರಿತ್ತು. ಮಾತ್ರೆಯ ಡಬ್ಬಿಗಳ ಮೇಲೆ ಇಂದಿಗೂ ಅದೇ ಹಳೆಯ ಹೆಸರಿರುತ್ತದೆ. ಮಲೆನಾಡು ಮತ್ತು ಉತ್ತರ ಕನ್ನಡದಲ್ಲಿ ಇದು ಉಪ್ಪಾಗೆ, ಕೇರಳದಲ್ಲಿ ಕುಡಂಪುಳಿ. ಕುಂಬಳದ ಹಾಗೆ ಗೀರುಗೀರಾದ ಹಳದಿ ಹಣ್ಣು. ಮಾಗುವುದು ಮಳೆಗಾಲದಲ್ಲಿ. ಕೊಡಗಿನವರು ಇದರ ರಸವನ್ನು ಕುದಿಸಿ ಬತ್ತಿಸಿ ಕಪ್ಪಗಿನ ಕಾಚಂಪುಳಿಯನ್ನು ಮಾಡುತ್ತಾರೆ. ಅದಿಲ್ಲದ ಪಂದಿಕರಿಯನ್ನು ಅವರು ಪಂದಿಕರಿಯೆಂದು ಒಪ್ಪುವುದಿಲ್ಲ.

ಧಾರವಾಡ, ಬಿಜಾಪುರ, ಕಲಬುರ್ಗಿಯ ಕಡೆಯಿಂದ ಬಂದ ನಮ್ಮ ಬಂಧುಗಳಿಗೆ ಹುಳಿಯೆಂದರೆ ಹುಣಸೆಹಣ್ಣು. ಅವರಿಗೆ ಈ ಸಿಪ್ಪೆಯ ಪರಿಚಯವಾಗಿದ್ದು ಬಹುಶಃ ಇಲ್ಲಿಗೆ ಬಂದ ಮೇಲೆ, ನೆರೆಮನೆಯ ಸೋಲ್ಕಢಿಯ ಲೋಟದಲ್ಲಿ. ಕರಾವಳಿಯವರಿಗೆ ಮಾತ್ರ ಇದು ಹುಟ್ಟಿದಂದಿನಿಂದ ಬಳಕೆ. ಬೇಸಿಗೆಯ ರಜೆ ಮುಗಿಸಿ ಊರಿನಿಂದ ಬರುವಾಗ ಹಪ್ಪಳ, ಮಿಡಿ ಉಪ್ಪಿನಕಾಯಿಗಳ ಜೊತೆಗೆ ಒಂದು ಕಟ್ಟು ಪುನರ್ಪುಳಿ ಸಿಪ್ಪೆಯೂ ಬರುವುದು ವಾಡಿಕೆ. ಪಿತ್ತದ ಗುಳ್ಳೆ ಎದ್ದರೆ ಅಜ್ಜಿಯರು ಇದರ ನೀರು ಕುಡಿಸುತ್ತಿದ್ದರು, ಮೈಗೂ ಸವರುತ್ತಿದ್ದರು. ಬಿಸಿಲಲ್ಲಿ ದಣಿದು ಬಂದವರಿಗೆ ಇದರದೇ ಪಾನಕ. ಬೀಜದಿಂದ ತೆಗೆದ ಗಟ್ಟಿಯಾದ ಮುರುಗಲ ತುಪ್ಪ ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ತುಟಿಗೆ ಮದ್ದು. ಆಯುರ್ವೇದದ ವೈದ್ಯರು ವೃಕ್ಷಾಮ್ಲ ಎಂದು ಗುರುತಿಸುವುದು ಈ ಹಣ್ಣನ್ನೇ.

ಹಳೆಯ ಪುಸ್ತಕಗಳಲ್ಲಿ

ಈ ಹಣ್ಣಿನ ಬಗ್ಗೆ ಬರೆದ ಮೊದಲ ಯುರೋಪಿಯನರಲ್ಲಿ ಒಬ್ಬನಿಗೂ ನಮ್ಮ ಮುಂಬಯಿಗೂ ಒಂದು ಸಂಬಂಧವುಂಟು. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಜ್ ವೈದ್ಯನು 1534ರಲ್ಲಿ ಗೋವೆಗೆ ಬಂದು ನೆಲೆಸಿದನು. ಮುಂಬಯಿ ದ್ವೀಪವನ್ನು ಅವನು ಪೋರ್ಚುಗೀಜ್ ಸರಕಾರದಿಂದ ಗುತ್ತಿಗೆಗೆ ಪಡೆದಿದ್ದನು. ಭಾರತದ ಮದ್ದಿನ ಗಿಡಮೂಲಿಕೆಗಳನ್ನು ಕುರಿತು ಅವನು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಅದರಲ್ಲಿ ಅವನು ‘ಬ್ರಿಂಡೋಯಿಸ್’ ಎಂದು ಕರೆದ ಹಣ್ಣು ನಮ್ಮ ಮುರುಗಲು. ಭಿರಂಡ ಎಂಬ ನಮ್ಮ ಕಡೆಯ ಮಾತೇ ಅವನ ನಾಲಗೆಯಲ್ಲಿ ಹೀಗಾಗಿದೆ. ಕೆಂಪಾದ ಬಹು ಹುಳಿಯ ಹಣ್ಣೆಂದೂ, ಬಣ್ಣ ಹಾಕುವವರಿಗೆ ಇದು ಉಪಯೋಗವೆಂದೂ, ಸಿಪ್ಪೆಯನ್ನು ಹುಳಿರಸ ಮಾಡಲು ಕಾದಿಡುತ್ತಾರೆಂದೂ ಅವನು ಹೇಳಿದ್ದಾನೆ. ಹುಳಿ ಮತ್ತು ಬಣ್ಣ, ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕು. ನಾಲ್ಕುನೂರು ವರ್ಷಗಳ ತರುವಾಯ ವಿಜ್ಞಾನಿಗಳು ಹುಡುಕಲು ಹೊರಟದ್ದೂ ಇವನ್ನೇ.

ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ತನ್ನ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟದಲ್ಲಿ, 1678ರಲ್ಲಿ, ಎರಡನೆಯ ಮರವನ್ನು ‘ಕೊಡ್ಡಂಪುಳ್ಳಿ’ ಎಂಬ ಹೆಸರಿನಲ್ಲಿ ಚಿತ್ರಸಹಿತ ವರ್ಣಿಸಿದನು. ಗಾರ್ಸಿನಿಯಾ ಎಂಬ ಕುಲನಾಮ ಲಿನಿಯಸ್ ಎಂಬ ಸ್ವೀಡಿಷ್ ಪಂಡಿತನದು. ಇದು ಗೋವೆಯ ಗಾರ್ಸಿಯಾನ ನೆನಪಿಗೆ ಇಟ್ಟ ಹೆಸರೆಂದು ಹಲವರು ತಿಳಿಯುವುದುಂಟು. ಹಾಗಲ್ಲ. ಡಚ್ ಕಂಪನಿಯ ಹಡಗುಗಳಲ್ಲಿ ವೈದ್ಯನಾಗಿ ಪೂರ್ವದೇಶಗಳನ್ನು ಸುತ್ತಿದ ಲಾರೆಂಟ್ ಗಾರ್ಸಿನ್ ಎಂಬ ಬೇರೊಬ್ಬ ಸಸ್ಯಪ್ರೇಮಿಯ ಹೆಸರದು.

ಹೀಗೆ ಮರಕ್ಕೆ ಶಾಸ್ತ್ರೀಯ ಹೆಸರು ಬಂದು ಇನ್ನೂರು ವರ್ಷ ಕಳೆದರೂ ಅದರ ಹುಳಿಗೆ ಮಾತ್ರ ಸರಿಯಾದ ಹೆಸರು ಬಂದಿರಲಿಲ್ಲ. 1931ರಲ್ಲಿ ಪ್ರಕಟವಾದ ಒಂದು ಲೇಖನ ಉಪ್ಪಾಗೆ ಸಿಪ್ಪೆಯಲ್ಲಿರುವುದು ಮುಖ್ಯವಾಗಿ ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳೆಂದು ಹೇಳಿತ್ತು. ಮೊದಲನೆಯದು ಹುಣಸೆಹಣ್ಣಿನ ಹುಳಿ, ಎರಡನೆಯದು ನಿಂಬೆಯ ಹುಳಿ. ನಮ್ಮ ಹುಳಿಯನ್ನು ಪರಿಚಿತ ಹುಳಿಗಳ ಲೆಕ್ಕಕ್ಕೆ ಸೇರಿಸಿ ವಿದ್ವಾಂಸರು ಸುಮ್ಮನಾಗಿದ್ದರು. ಮೂವತ್ತು ವರ್ಷಗಳ ಕಾಲ ಈ ತಪ್ಪು ನಿಂತಿತು.

ಮೈಸೂರಿನಲ್ಲಿ ಸಿಕ್ಕಿದ ಉತ್ತರ

1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬಾ ಮ್ಯಾನ್ಷನ್ ಎಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ಹೊಸದಾಗಿ ಸ್ವತಂತ್ರವಾದ, ಅನ್ನದ ಕೊರತೆಯಿದ್ದ ದೇಶದಲ್ಲಿ ಬೆಳೆದ ಆಹಾರ ಕೆಡದಂತೆ ಉಳಿಸುವುದು ಹೇಗೆ ಎಂಬುದು ಅದರ ಮುಂದಿದ್ದ ದೊಡ್ಡ ಪ್ರಶ್ನೆ. ಇಂಥ ಸಂಸ್ಥೆಗೆ ಈ ಹುಳಿ ಏಕೆ ಮುಖ್ಯವಾಯಿತು ಎಂಬುದನ್ನು ತಿಳಿಯಲು ನಮ್ಮ ಕರಾವಳಿಯ ಒಂದು ಹಳೆಯ ಕಸುಬನ್ನು ನೆನೆಯಬೇಕು. ದಕ್ಷಿಣ ಕನ್ನಡ ಮತ್ತು ಮಲಬಾರಿನ ಕಡಲತೀರದಲ್ಲಿ ಬಂಗುಡೆ ಮೀನನ್ನು ಸೀಳಿ ಶುಚಿಮಾಡಿ, ಉಪ್ಪಿನ ಜೊತೆಗೆ ಈ ಹುಳಿಯ ಸಿಪ್ಪೆಯನ್ನೂ ಸೇರಿಸಿ, ಮರದ ಪೀಪಾಯಿಗಳಲ್ಲಿ ತುಂಬಿ ಸಿಂಹಳಕ್ಕೆ ಕಳುಹಿಸುತ್ತಿದ್ದರು. ಕೊಲಂಬೋಗೆ ಹೋಗುತ್ತಿದ್ದುದರಿಂದ ಈ ವಿಧಾನಕ್ಕೆ ಕೊಲಂಬೋ ಹದವೆಂದೇ ಹೆಸರು. ಬರಿಯ ಉಪ್ಪಿಗಿಂತ ಉಪ್ಪು-ಹುಳಿಗಳ ಜೋಡಿ ಮೀನನ್ನು ಚೆನ್ನಾಗಿ ಕಾಯುತ್ತದೆಂದು ಮೊಗವೀರರಿಗೆ ಅನುಭವದಿಂದ ಗೊತ್ತಿತ್ತು. ಹುಳಿ ಹೆಚ್ಚಾದಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವೆಂಬುದು ಅದರ ಹಿಂದಿನ ಕಾರಣ. ಹಣ್ಣಿನ ರಕ್ಷಣೆಯ ಗುಣವೆಂದರೆ ಮೊದಲು ಇದೇ ಅಲ್ಲವೆ? ಮೈಯನ್ನು ಕಾಯುವ ಮಾತು ಆಮೇಲೆ ಬಂದದ್ದು.

ಮೈಸೂರಿನ ಸಂಶೋಧನಾಲಯದಲ್ಲಿ ವೈ. ಎಸ್. ಲೂಯಿಸ್, ಎಸ್. ನೀಲಕಂಠನ್ ಮತ್ತು ಅವರ ಸಹೋದ್ಯೋಗಿಗಳು ಈ ಸಿಪ್ಪೆಯ ಆಮ್ಲವನ್ನು ಮತ್ತೆ ಪರೀಕ್ಷೆಗೆ ಎತ್ತಿಕೊಂಡರು. 1964ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ, ಮರುವರ್ಷ 1965ರಲ್ಲಿ ‘ಫೈಟೊಕೆಮಿಸ್ಟ್ರಿ’ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಲೂಯಿಸ್ ಮತ್ತು ನೀಲಕಂಠನ್ನರ ಪೂರ್ಣ ಲೇಖನ ಬಂದವು. ಉಪ್ಪಾಗೆಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲವಲ್ಲ, ಸಿಟ್ರಿಕ್ ಆಮ್ಲವೂ ಅಲ್ಲ. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಅವರು ತೋರಿಸಿದರು. ನಿಂಬೆಯ ಹುಳಿಗೂ ಇದಕ್ಕೂ ರೂಪದಲ್ಲಿ ಬಹಳ ಹೋಲಿಕೆಯಿದೆ. ಒಂದು ಆಮ್ಲಜನಕದ ಪರಮಾಣು ಮಾತ್ರ ಇದರಲ್ಲಿ ಹೆಚ್ಚು. ನಮ್ಮ ಮುರುಗಲಿನಲ್ಲಿಯೂ ಮುಖ್ಯವಾದ ಹುಳಿ ಇದೇ. ಒಣಸಿಪ್ಪೆಯ ತೂಕದಲ್ಲಿ ಶೇಕಡಾ 10ರಿಂದ 30ರವರೆಗೂ ಇದು ಇರುತ್ತದೆ. ಹಣ್ಣೊಂದರಲ್ಲಿ ಒಂದೇ ವಸ್ತು ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಕ್ಕುವುದು ಅಪರೂಪ.

ಈ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1981ರಲ್ಲಿ ಅದೇ ಮೈಸೂರಿನ ಸಂಸ್ಥೆಯ ಕೃಷ್ಣಮೂರ್ತಿ, ಲೂಯಿಸ್ ಮತ್ತು ರವೀಂದ್ರನಾಥ್ ಅವರು ಮುರುಗಲ ಸಿಪ್ಪೆಯ ಹಳದಿ ಬಣ್ಣದ ವಸ್ತುವೊಂದರ ರಚನೆಯನ್ನು ಪ್ರಕಟಿಸಿದರು. ಅದರ ಹೆಸರು ಗಾರ್ಸಿನಾಲ್. ಕೆಂಪು ಬಣ್ಣ ಆಂಥೊಸಯನಿನ್ ಎಂಬ ಜಾತಿಯದು. ನೇರಳೆಹಣ್ಣಿನ ಕಡುನೀಲಿ, ದ್ರಾಕ್ಷಿಯ ಕಪ್ಪು ಎಲ್ಲವೂ ಇದೇ ಜಾತಿಗೆ ಸೇರಿದವು. ಹೀಗೆ ಹುಳಿ, ಹಳದಿ, ಕೆಂಪು ಎಂದು ಮೂರು ವಸ್ತುಗಳು ಈ ಒಂದು ಸಿಪ್ಪೆಯಲ್ಲಿವೆ. ಇವುಗಳ ಗುಣ ಬೇರೆ ಬೇರೆ, ಇವುಗಳ ಚರಿತ್ರೆಯೂ ಬೇರೆ ಬೇರೆ.

ಕಿಣ್ವ, ಇಲಿ, ಮಾತ್ರೆ

ಮೈಸೂರಿನ ಲೇಖನ ಬಂದ ನಾಲ್ಕು ವರ್ಷಗಳಿಗೆ, 1969ರಲ್ಲಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಈ ಆಮ್ಲದ ಒಂದು ವಿಶೇಷವನ್ನು ಕಂಡರು. ನಾವು ಉಂಡ ಅನ್ನ, ಸಕ್ಕರೆ ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದಾಗ ಅದರ ಒಂದು ಭಾಗ ಸಿಟ್ರೇಟ್ ಎಂಬ ರೂಪಕ್ಕೆ ಬಂದು, ಅಲ್ಲಿಂದ ಕೊಬ್ಬಾಗುವ ದಾರಿ ಹಿಡಿಯುತ್ತದೆ. ಆ ದಾರಿಯ ಬಾಗಿಲಲ್ಲಿ ಸಿಟ್ರೇಟನ್ನು ಒಡೆಯುವ ಒಂದು ಕಿಣ್ವ ಕುಳಿತಿದೆ. ನಮ್ಮ ಹುಳಿ ಸಿಟ್ರಿಕ್ ಆಮ್ಲದ ತದ್ರೂಪಿಯಂತಿರುವುದರಿಂದ ಕಿಣ್ವ ಮೋಸಹೋಗುತ್ತದೆ. ಬೀಗದೊಳಗೆ ಹೊಕ್ಕರೂ ತಿರುಗದ ಬೀಗದಕೈಯ ಹಾಗೆ ಇದು ಅಲ್ಲಿ ಸಿಕ್ಕಿಕೊಂಡು ಕೆಲಸವನ್ನು ತಡೆಯುತ್ತದೆ. 1970ರ ದಶಕದಲ್ಲಿ ಹಾಫ್‌ಮನ್-ಲಾ ರೋಷ್ ಕಂಪನಿಯ ಅಮೆರಿಕದ ಪ್ರಯೋಗಾಲಯದಲ್ಲಿ ಇದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಕಡಮೆ ತಿಂದವು, ಅವುಗಳ ತೂಕವೂ ಕಡಮೆ ಏರಿತು.

ಇಷ್ಟು ಸಾಕಾಯಿತು. 1990ರ ದಶಕದಲ್ಲಿ ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂಬ ಹೆಸರು ಪಾಶ್ಚಾತ್ಯ ದೇಶಗಳಲ್ಲಿ ಮೈ ಇಳಿಸುವ ಮಾತ್ರೆಗಳ ಮೇಲೇರಿತು. ಅದರ ಬಿಸಿ ಮೊದಲು ತಟ್ಟಿದ್ದು ನಮ್ಮ ಮಲೆನಾಡಿಗೆ. ಸಿರಸಿ, ಸಿದ್ದಾಪುರದ ಕಾಡುಗಳಲ್ಲಿ ಉಪ್ಪಾಗೆ ಸಿಪ್ಪೆಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂತು. ಬಡವರ ಕೈಗೆ ನಾಲ್ಕು ಕಾಸು ಸೇರಿತೆಂಬುದು ನಿಜ, ಸಂತೋಷದ ಮಾತೇ. ಆದರೆ ಮರ ಎಲ್ಲರದಾದಾಗ ಹಣ್ಣು ಮೊದಲು ಕೊಯ್ದವನದು. ಹೀಗಾಗಿ ಹಣ್ಣು ಬಲಿಯುವ ಮೊದಲೇ ಕೊಯ್ಲು ಶುರುವಾಯಿತು, ಕೆಲವೆಡೆ ಕೊಂಬೆಗಳನ್ನೇ ಕಡಿದರು. ಮಳೆಗಾಲದಲ್ಲಿ ಮಾಗುವ ಹಣ್ಣಾದ್ದರಿಂದ ಬಿಸಿಲಿಗೆ ಒಣಗಿಸುವಂತಿಲ್ಲ. ಒಲೆ ಹೂಡಿ ಕಾಡಿನ ಸೌದೆಯನ್ನು ಉರಿಸಿಯೇ ಒಣಗಿಸಬೇಕು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಈ ಹಣ್ಣು ಆಹಾರ. ದೂರದ ದೇಶದವರ ಬೊಜ್ಜಿನ ಚಿಂತೆಗೆ ನಮ್ಮ ಕಾಡು ಈ ರೀತಿಯಲ್ಲಿ ಬೆಲೆ ತೆತ್ತಿತು.

ಇಷ್ಟೆಲ್ಲ ಆದ ಮೇಲೆ ಮಾತ್ರೆ ಫಲ ಕೊಟ್ಟಿತೆ? 1998ರ ನವೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ನ್ಯೂಯಾರ್ಕಿನ ಒಂದು ಪರೀಕ್ಷೆಯ ವರದಿ ಬಂತು. ತೂಕ ಹೆಚ್ಚಿದ್ದ 135 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನೂ ಇನ್ನೊಂದು ಗುಂಪಿಗೆ ಏನೂ ಇಲ್ಲದ ಸಪ್ಪೆ ಮಾತ್ರೆಯನ್ನೂ 12 ವಾರ ಕೊಟ್ಟರು. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿರಲಿಲ್ಲ, ತಿನ್ನುವವರಿಗೂ ಗೊತ್ತಿರಲಿಲ್ಲ. ಎರಡೂ ಗುಂಪಿನವರಿಗೆ ಒಂದೇ ಬಗೆಯ ಮಿತವಾದ ಊಟ. ಕೊನೆಗೆ ತೂಗಿ ನೋಡಿದಾಗ ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಸಪ್ಪೆ ಮಾತ್ರೆ ತಿಂದವರು 4.1 ಕಿಲೋ ಇಳಿದಿದ್ದರು. ಈ ಅಂತರವನ್ನು ಆಕಸ್ಮಿಕವೆಂದೇ ಭಾವಿಸಬೇಕು. ಎರಡು ಗುಂಪನ್ನೂ ಇಳಿಸಿದ್ದು ಮಿತವಾದ ಊಟವೆಂಬುದು ಮಾತ್ರ ಖಚಿತ. ಇಲಿಯಲ್ಲಿ ನಡೆದದ್ದು ಮನುಷ್ಯನಲ್ಲಿ ಏಕೆ ನಡೆಯಲಿಲ್ಲ? ಸಾಮಾನ್ಯವಾದ ಊಟದಲ್ಲಿ ಮನುಷ್ಯನ ದೇಹ ಅನ್ನ-ಸಕ್ಕರೆಯಿಂದ ಹೊಸದಾಗಿ ಕೊಬ್ಬನ್ನು ತಯಾರಿಸುವುದು ಸ್ವಲ್ಪವೇ. ಬೊಜ್ಜಾಗಿ ಕೂಡುವುದು ಬಹುಮಟ್ಟಿಗೆ ತಿಂದ ಎಣ್ಣೆ, ತುಪ್ಪ. ಹೀಗಿರುವಾಗ ಆ ಬಾಗಿಲನ್ನು ಮುಚ್ಚಿ ಆಗುವ ಲಾಭ ಅಷ್ಟಕ್ಕಷ್ಟೆ.

ಲಾಭವಿಲ್ಲದಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಿತ್ತು. ಮುಂದಿನ ಸಂಗತಿ ಅದಕ್ಕಿಂತ ಗಂಭೀರವಾದುದು. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ತೂಕ ಇಳಿಸುವ ಒಂದು ಪ್ರಸಿದ್ಧ ಮಾತ್ರೆಯ ವಿಷಯದಲ್ಲಿ ಜನರನ್ನು ಎಚ್ಚರಿಸಿತು. ಯಕೃತ್ತಿಗೆ ತೀವ್ರ ಅಪಾಯವಾದ 23 ವರದಿಗಳು ಅದರ ಮುಂದಿದ್ದವು, ಅವುಗಳಲ್ಲಿ ಒಂದು ಸಾವೂ ಸೇರಿತ್ತು. ಆ ಮಾತ್ರೆಗಳಲ್ಲಿ ಹಲವು ವಸ್ತುಗಳ ಮಿಶ್ರಣವಿದ್ದುದರಿಂದ ಅಪರಾಧಿ ಇಂಥದೇ ಎನ್ನುವಂತಿರಲಿಲ್ಲ. ಆದರೆ ಔಷಧಗಳಿಂದ ಯಕೃತ್ತಿಗಾಗುವ ಹಾನಿಯನ್ನು ವರ್ಷಗಟ್ಟಲೆ ದಾಖಲಿಸುತ್ತಿರುವ ಅಮೆರಿಕದ ವೈದ್ಯರ ತಂಡವೊಂದು 2022ರಲ್ಲಿ ಗಾರ್ಸಿನಿಯಾ ಮಾತ್ರೆಯಿಂದಾದ 22 ಪ್ರಕರಣಗಳನ್ನು ಪ್ರಕಟಿಸಿತು. ಅವುಗಳಲ್ಲಿ 16 ಮಂದಿ ಅದರ ಜೊತೆಗೆ ಹಸಿರು ಚಹದ ಸಾರವನ್ನೂ ಸೇವಿಸಿದ್ದರು, 5 ಮಂದಿ ಗಾರ್ಸಿನಿಯಾ ಒಂದನ್ನೇ ಸೇವಿಸಿದ್ದರು. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆಯು ಈ ಮಾತ್ರೆಗಳನ್ನು ಸೇವಿಸಬೇಡಿರೆಂದೇ ಸಲಹೆ ಕೊಟ್ಟಿತು. ತಿಂದವರೆಲ್ಲರಿಗೂ ಹೀಗಾಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆಂದು ತಿನ್ನುವವರಿಗೆ ಮೊದಲೇ ತಿಳಿಯುವ ಉಪಾಯವಿಲ್ಲ.

ಉಳಿದ ಎರಡು ವಸ್ತುಗಳು

ಹಾಗಾದರೆ ಅಜ್ಜಿಯ ಮಾತೆಲ್ಲ ಸುಳ್ಳೆ? ಖಂಡಿತ ಅಲ್ಲ. ಉಳಿದ ಎರಡು ವಸ್ತುಗಳ ಕಥೆಯನ್ನೂ ಕೇಳಬೇಕು. 2000ದಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳ ಆಹಾರದಲ್ಲಿ ಗಾರ್ಸಿನಾಲ್ ಬೆರೆಸಿ ಕೊಟ್ಟಾಗ, ಕರುಳಿನಲ್ಲಿ ಕ್ಯಾನ್ಸರಿಗೆ ಮುನ್ಸೂಚನೆಯಾದ ಬದಲಾವಣೆಗಳು ಕಡಮೆಯಾದುದನ್ನು ಕಂಡರು. 2004ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡವು, ಜೀವಕೋಶದೊಳಗೆ ವಂಶವಾಹಿಗಳು ತೆರೆದುಕೊಳ್ಳಲು ನೆರವಾಗುವ ಒಂದು ಬಗೆಯ ಕಿಣ್ವಗಳನ್ನು ಗಾರ್ಸಿನಾಲ್ ತಡೆಯುತ್ತದೆಂದು ತೋರಿಸಿತು. ಮೈಸೂರಿನಲ್ಲಿ ರಚನೆ ತಿಳಿದ ವಸ್ತುವಿನ ಹೊಸ ಗುಣವೊಂದು ಬೆಂಗಳೂರಿನಲ್ಲಿ ಬೆಳಕಿಗೆ ಬಂತು. ಇದು ಹೆಮ್ಮೆಯ ಮಾತು. ಆದರೆ ಇವೆಲ್ಲ ಗಾಜಿನ ನಳಿಗೆಯಲ್ಲಿ, ಜೀವಕೋಶದಲ್ಲಿ, ಇಲಿಯಲ್ಲಿ ಕಂಡವು. ಕೋಕಂ ಕುಡಿದರೆ ಕ್ಯಾನ್ಸರ್ ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬಾರದು. ಇನ್ನೊಂದು ಮಾತೂ ಉಂಟು. ಗಾರ್ಸಿನಾಲ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ನಮ್ಮ ಪಾನಕದ ಲೋಟಕ್ಕೆ ಇಳಿದು ಬರುವುದು ಮುಖ್ಯವಾಗಿ ಹುಳಿ ಮತ್ತು ಕೆಂಪು. ಹಳದಿಯ ಬಹುಪಾಲು ನಾವು ಹಿಂಡಿ ಎಸೆಯುವ ಸಿಪ್ಪೆಯಲ್ಲೇ ಉಳಿಯುತ್ತದೆ.

ಕೆಂಪು ಬಣ್ಣದ ವಿಷಯಕ್ಕೆ ಬಂದರೆ, ನಮ್ಮ ಮಾಜಿವಾಡಾಕ್ಕೂ ಬಣ್ಣಕ್ಕೂ ನಂಟುಂಟು. ಗೋಲ್ಡನ್ ಡೈಸ್ ನಾಕಾ ಎಂಬ ಹೆಸರು ಇಂದಿಗೂ ಬಸ್ಸಿನವರ ಬಾಯಲ್ಲಿದೆ. ಬಣ್ಣ, ರಾಸಾಯನಿಕ, ಔಷಧಿಗಳ ಕಾರ್ಖಾನೆಗಳು ಈ ಕಡೆ ಸಾಲುಗಟ್ಟಿದ್ದ ಕಾಲದ ನೆನಪು ಅದು. ಅವುಗಳಲ್ಲಿ ಪಾಳಿಯ ಮೇಲೆ ದುಡಿದ ಕನ್ನಡಿಗರು ನಮ್ಮಲ್ಲಿ ಎಷ್ಟೋ ಮಂದಿ. ಕಾರ್ಖಾನೆಯ ಬಣ್ಣ ಬಿಸಿಲಿಗೆ ಮಾಸಬಾರದು, ನೀರಿಗೆ ಬಿಡಬಾರದು. ಮುರುಗಲ ಕೆಂಪಿನ ಸ್ವಭಾವ ಇದಕ್ಕೆ ತೀರ ವಿರುದ್ಧ. ಬೆಳಕಿಗೆ, ಬಿಸಿಗೆ ಅದು ಬೇಗ ಕಂದುತ್ತದೆ. ಹುಳಿಯಿರುವ ತನಕ ಮಾತ್ರ ಕೆಂಪು. ಮಕ್ಕಳಿಗೆ ತೋರಿಸಬೇಕೆಂದರೆ ಪಾನಕದ ಒಂದು ಚಮಚಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ. ನೊರೆಯೆದ್ದು ಕೆಂಪು ಹೋಗಿ ನೀಲಿ ಛಾಯೆ ಬರುತ್ತದೆ. ಈ ಬಗೆಯ ಬಣ್ಣಗಳಿಗೆ ಉತ್ಕರ್ಷಣವನ್ನು, ಅಂದರೆ ಜೀವಕೋಶಗಳನ್ನು ತುಕ್ಕಿನಂತೆ ಸವೆಸುವ ಕ್ರಿಯೆಯನ್ನು, ತಡೆಯುವ ಶಕ್ತಿ ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಬಣ್ಣಬಣ್ಣದ ಹಣ್ಣು, ತರಕಾರಿ ತಿನ್ನಿರೆಂದು ವೈದ್ಯರು ಹೇಳುವುದರ ಹಿಂದೆ ಇದೂ ಒಂದು ಕಾರಣ.

ಹಿರಿಯರ ಅಳತೆ

ಈ ಚರಿತ್ರೆಯಿಂದ ನಾವು ಕಲಿಯುವುದೇನು? ಒಂದು ಸರಳವಾದ ಲೆಕ್ಕ ಮಾಡಿ ನೋಡೋಣ. ಸಿಪ್ಪೆಯಲ್ಲಿ ಶೇಕಡಾ 20 ಆಮ್ಲವೆಂದು ಹಿಡಿದರೆ, ನ್ಯೂಯಾರ್ಕಿನ ಪರೀಕ್ಷೆಯ 1500 ಮಿಲಿಗ್ರಾಂ ಸಿಕ್ಕಬೇಕಾದರೆ ಒಬ್ಬೊಬ್ಬರೂ ದಿನಕ್ಕೆ ಏಳೂವರೆ ಗ್ರಾಂ ಒಣಸಿಪ್ಪೆಯ ಸಾರವನ್ನು ಪೂರ್ತಿ ಹೊಟ್ಟೆಗೆ ಹಾಕಿಕೊಳ್ಳಬೇಕು, ಅದೂ ತಿಂಗಳುಗಟ್ಟಲೆ, ಒಂದು ದಿನವೂ ಬಿಡದೆ. ನಮ್ಮ ಮನೆಗಳಲ್ಲಿ ಹಾಗೆ ಯಾರು ತಿಂದರು? ನಾಲ್ಕಾರು ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆಲ್ಲ, ಉಪ್ಪು, ಹಸಿಮೆಣಸು ಸೇರಿಸಿ ಒಂದು ಕುದಿ ಬರಿಸಿ, ಸಾಸಿವೆ-ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ತಿಳಿಸಾರು ಇಡೀ ಮನೆಗೆ ಹಂಚಿಹೋಗುತ್ತಿತ್ತು. ಅದೂ ವಾರಕ್ಕೊಮ್ಮೆಯೋ ಎರಡು ಸಲವೋ. ಹೆಚ್ಚು ಕುದಿಸಿದರೆ ರುಚಿ ಕೆಡುತ್ತದೆಂದು ಅಮ್ಮ ಹೇಳುತ್ತಿದ್ದರು. ಬಣ್ಣವೂ ಕೆಡುತ್ತದೆಂದು ಇಂದು ನಮಗೆ ಗೊತ್ತು. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಇಡಬಾರದೆಂಬುದು, ಸಿಪ್ಪೆಯನ್ನು ಭರಣಿಯಲ್ಲಿ ಕಟ್ಟಿ ಕತ್ತಲೆಯ ಮೂಲೆಯಲ್ಲಿ ಇಡಬೇಕೆಂಬುದು, ಇವೆಲ್ಲ ಬರೆದಿಡದ ಶಾಸ್ತ್ರ. ವಸ್ತುವಿನ ಹೆಸರು ಅವರಿಗೆ ಗೊತ್ತಿರಲಿಲ್ಲ, ಅಳತೆ ಗೊತ್ತಿತ್ತು. ಮಾತ್ರೆ ಮಾಡಿದವರು ವಸ್ತುವನ್ನು ತೆಗೆದುಕೊಂಡು ಅಳತೆಯನ್ನು ಬಿಟ್ಟರು.

ನಮ್ಮ ಮನೆಗಳಲ್ಲಿ ಈಗ ಎರಡು ಬಗೆಯ ತಪ್ಪು ನಡೆಯುತ್ತಿದೆ. ಊರಿನದೆಂಬ ಅಭಿಮಾನದಿಂದ ಕೆಲವರು ಕೋಕಂ ಸಕ್ಕರೆ ಕಾಯಿಲೆಗೂ, ಹೃದಯಕ್ಕೂ, ಕ್ಯಾನ್ಸರಿಗೂ ಮದ್ದೆಂದು ಹೇಳಿ, ವೈದ್ಯರ ಔಷಧವನ್ನು ಬಿಡಿಸಲು ಹೊರಡುತ್ತಾರೆ. ಮಾರುವ ಪಾನಕದ ಸೀಸೆಯಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚಿರಬಹುದೆಂಬುದು ಅವರಿಗೆ ನೆನಪಾಗುವುದಿಲ್ಲ. ಇನ್ನು ಕೆಲವರು, ಮುಖ್ಯವಾಗಿ ನಮ್ಮ ಎಳೆಯರು, ಮದುವೆಗೆ ಮೊದಲು ಮೈ ಇಳಿಸಬೇಕೆಂದು ಯಾರನ್ನೂ ಕೇಳದೆ ಡಬ್ಬಿ ಕೊಂಡು ತರುತ್ತಾರೆ. ‘ಗಿಡಮೂಲಿಕೆಯದು, ಏನೂ ಆಗದು’ ಎಂಬುದು ಅವರ ಧೈರ್ಯ. ಅಂಥ ಡಬ್ಬಿ ಮನೆಯಲ್ಲಿದ್ದರೆ ದಯವಿಟ್ಟು ವೈದ್ಯರಿಗೆ ತೋರಿಸಿರಿ. ಸೇವಿಸುತ್ತಿರುವಾಗ ಹಸಿವು ಕಟ್ಟಿ, ಮೂತ್ರ ಕಡುಹಳದಿಯಾಗಿ, ಕಣ್ಣು ಹಳದಿಯಾದರೆ ಒಂದು ದಿನವೂ ತಡಮಾಡಬಾರದು. ಅದು ಯಕೃತ್ತು ನೊಂದಿರುವ ಲಕ್ಷಣ.

1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿದಂದಿನಿಂದ ನಾವು ಊರಿಗೆ ಹೋಗುವ ದಾರಿ ಮುರುಗಲ ನಾಡಿನ ನಡುವೆಯೇ ಹಾದುಹೋಗುತ್ತದೆ. ರತ್ನಾಗಿರಿ, ಸಿಂಧುದುರ್ಗ, ಗೋವೆ, ಕಾರವಾರ, ಉಡುಪಿ, ಎಲ್ಲೆಲ್ಲೂ ಮೇ ತಿಂಗಳಲ್ಲಿ ಅಂಗಳದ ಚಾಪೆಯ ಮೇಲೆ ಕೆಂಪು ಸಿಪ್ಪೆ ಒಣಗುತ್ತಿರುತ್ತದೆ. ಹಣ್ಣಿನದೇ ರಸದಲ್ಲಿ ಉಪ್ಪು ಬೆರೆಸಿ, ಸಿಪ್ಪೆಯನ್ನು ಮತ್ತೆ ಮತ್ತೆ ಅದ್ದಿ ಒಣಗಿಸುವ ಕೆಲಸ ಅದು. ಒಂದೆರಡು ದಿನದಲ್ಲಿ ಮುಗಿಯುವಂಥದ್ದಲ್ಲ. ಬರುವ ಬೇಸಿಗೆಯಲ್ಲಿ ಊರಿಗೆ ಹೋದಾಗ ನಮ್ಮ ಮಕ್ಕಳನ್ನು ಆ ಚಾಪೆಯ ಬಳಿ ಒಂದು ಗಳಿಗೆ ಕೂರಿಸೋಣ. ಎಷ್ಟು ಸಿಪ್ಪೆಗೆ ಎಷ್ಟು ನೀರು, ಯಾವ ಕಾಯಿಲೆಗೆ ಎಷ್ಟು ದಿನ, ಯಾರಿಗೆ ಕೊಡಬಾರದು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದರೆ ಅವರನ್ನು ಕೇಳಿ ಬರೆದುಕೊಳ್ಳೋಣ. ಹುಳಿಯ ಹೆಸರನ್ನು ಮೈಸೂರಿನವರು 1965ರಲ್ಲೇ ಬರೆದಿಟ್ಟಿದ್ದಾರೆ. ಅದರ ಅಳತೆಯನ್ನು ಬರೆದಿಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.